ಏಪ್ರಿಲ್ ಬಿಲ್ 290 ಯೂನಿಟ್! ಈ ಸೆಕೆಗೆ ಮನೆಯಲ್ಲೇ ಎಂತ ಮಾಡಬಹುದು?

ಕಾವೂರು ಮಹಡಿಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಗಳೂರು ಕಾವೂರಿನಲ್ಲಿ ಮೇಲಿನ ಮಹಡಿಯ ಮನೆ, ಮೇಲೆ ಬರೀ ತಾರಸಿ. ಜನವರಿ ತನಕ ತಿಂಗಳಿಗೆ 150 ಯೂನಿಟ್ ಆಸುಪಾಸು, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಏಪ್ರಿಲ್‌ನಲ್ಲಿ 290 ಬಂತು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಕಟ್ಟಿದೆವು. ಅತ್ತೆಗೆ ರಾತ್ರಿ ನಿದ್ದೆಯೇ ಬರುವುದಿಲ್ಲ ಅಂತ ಅವರ ಕೋಣೆಗೆ ಒಂದು ಟನ್ನಿನ ಎಸಿ ಹಾಕಿಸಿದ್ದೇವೆ. ಅದನ್ನು ತೆಗೆಯುವ ಮಾತೇ ಇಲ್ಲ.

ಒಂಬತ್ತನೇ ಕ್ಲಾಸಿನ ಮಗಳು ಬೇರೆ ತಲೆ ತಿನ್ನುತ್ತಿದ್ದಾಳೆ. "ಎಸಿ ಹಾಕಿದರೆ ಹೊರಗೆ ಇನ್ನೂ ಸೆಕೆ ಆಗುತ್ತದೆ, ಭೂಮಿ ಬಿಸಿ ಆಗುವುದು ನಮ್ಮಿಂದಲೇ ಅಲ್ವಾ ಅಮ್ಮ?" ಅಂತ. ನನಗೆ ಉತ್ತರ ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ನಿಜವಾಗಿ ಕೆಲಸ ಮಾಡಿದ್ದನ್ನು ಹೇಳಿ. "ಲೈಟ್ ಆಫ್ ಮಾಡಿ" ಅಂತ ಮಾತ್ರ ದಯವಿಟ್ಟು ಹೇಳಬೇಡಿ, ಅದನ್ನು ಮಾಡಿಯೇ ಇಷ್ಟು ಬಂದದ್ದು.

ಪಡುಬಿದ್ರಿ ವೈರ್‌ಮ್ಯಾನ್

ಅಕ್ಕ, ಲೈಟಿನ ಲೆಕ್ಕ ಬಿಟ್ಟುಬಿಡಿ. 9 ವ್ಯಾಟಿನ ಎಲ್‌ಇಡಿ ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಆಗುವುದಿಲ್ಲ. ಮನೆಯವರೆಲ್ಲ ಕತ್ತಲಲ್ಲಿ ಕೂತರೂ ಬಿಲ್ಲು ಅಲ್ಲಾಡುವುದಿಲ್ಲ.

ನಮ್ಮ ಊರಲ್ಲಿ ಕರೆಂಟ್ ತಿನ್ನುವುದು ಫ್ಯಾನ್. ಬೆಂಗಳೂರಿನವರ ಹಾಗೆ ನಾವು ರಾತ್ರಿ ಮಾತ್ರ ಹಾಕುವವರಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗಲೂ ಫ್ಯಾನ್ ಬೇಕು. ಹಳೆಯ ಫ್ಯಾನ್ 75 ವ್ಯಾಟ್. ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ 34 ಯೂನಿಟ್. ಅಂಥದ್ದು ಮೂರಿದ್ದರೆ ನೂರು! ಬಿಎಲ್‌ಡಿಸಿ ಫ್ಯಾನ್, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನದ್ದು, 30 ವ್ಯಾಟ್ ಆಸುಪಾಸು. ಅಷ್ಟೇ ಹೊತ್ತಿಗೆ 14 ಯೂನಿಟ್ ಒಳಗೆ ಮುಗಿಯುತ್ತದೆ. ಒಂದೊಂದು ಫ್ಯಾನಿಗೆ 20 ಉಳಿಯಿತು.

ಎಸಿ ಲೆಕ್ಕ ಹೀಗೆ. ಒಂದು ಟನ್ ಇನ್ವರ್ಟರ್ ಎಸಿ ಸರಾಸರಿ ಗಂಟೆಗೆ ಅರ್ಧದಿಂದ ಮುಕ್ಕಾಲು ಯೂನಿಟ್ ಎಳೆಯುತ್ತದೆ. ದಿನಾ ಎಂಟು ಗಂಟೆ ಹಾಕಿದರೆ ತಿಂಗಳಿಗೆ 120ರಿಂದ 180. ನಿಮ್ಮ 290ರ ಗುಟ್ಟು ಅದೇ. ಇನ್ನೊಂದು ವಿಷಯ, ಎಸಿಯ ಸ್ಟಾರ್ ಚೀಟಿಯ ಮೇಲೆ ಬರೆದ ಯೂನಿಟ್ ವರ್ಷಕ್ಕೆ 1600 ಗಂಟೆ ಓಡುತ್ತದೆ ಅಂತ ಇಟ್ಟುಕೊಂಡು ಮಾಡಿದ ಲೆಕ್ಕ. ಅದಕ್ಕಿಂತ ಜಾಸ್ತಿ ಹಾಕುವವರಿಗೆ ಜಾಸ್ತಿಯೇ ಬರುತ್ತದೆ.

ಹಾಗೆಯೇ ಗೋಡೆಯಲ್ಲಿ ದೊಡ್ಡ ಡಬ್ಬದ ಹಾಗಿನ ಹಳೆ ರೆಗ್ಯುಲೇಟರ್ ಇದ್ದರೆ ಕಿತ್ತುಹಾಕಿಸಿ. ಅದರಲ್ಲಿ ಫ್ಯಾನ್ ನಿಧಾನ ಮಾಡಿದರೆ ಹೆಚ್ಚೇನೂ ಉಳಿತಾಯ ಆಗುವುದಿಲ್ಲ. ಉಳಿಯಬೇಕಾದ ಕರೆಂಟಿನ ದೊಡ್ಡ ಪಾಲು ಆ ಡಬ್ಬ ಬಿಸಿ ಮಾಡಿ ಮುಗಿಯುತ್ತದೆ. ಟಿವಿ ಆಫ್ ಮಾಡಿ ಸೆಟ್‌ಟಾಪ್ ಬಾಕ್ಸ್ ಹಾಗೇ ಬಿಡುವವರೂ ತುಂಬ ಜನ. ಹತ್ತು ವ್ಯಾಟ್ ಅಂತ ಹಿಡಿದರೂ ಸುಮ್ನೆ ತಿಂಗಳಿಗೆ ಏಳು ಯೂನಿಟ್.

ಬೋಳಾರ ಹಂಚಿನಮನೆ

ವೈರ್‌ಮ್ಯಾನ್ ಹೇಳಿದ್ದೆಲ್ಲ ಸರಿ, ಆದರೆ ಅವರು ಮಾಡಿನ ವಿಷಯ ಮಾತಾಡಲೇ ಇಲ್ಲ. ಕಾವೂರಿನವರೇ, ರಾತ್ರಿ ಒಂಬತ್ತಕ್ಕೆ ಒಂದು ಸ್ಟೂಲ್ ಹತ್ತಿ ಮಲಗುವ ಕೋಣೆಯ ಸೀಲಿಂಗಿಗೆ ಅಂಗೈ ಇಟ್ಟು ನೋಡಿ. ಹೊರಗೆ ಕಡಲಗಾಳಿ ಬೀಸುತ್ತಿದ್ದರೂ ಸ್ಲ್ಯಾಬು ಬಿಸಿಯಾಗಿಯೇ ಇರುತ್ತದೆ. ಹಗಲಿಡೀ ಕುಡಿದ ಬಿಸಿಲನ್ನು ಅದು ಮಧ್ಯರಾತ್ರಿ ತನಕ ಕೆಳಗೆ ಬಿಡುತ್ತದೆ. ಎಸಿ ಹೋರಾಡುವುದು ಸೆಕೆಯ ಜೊತೆಗೆ ಅಲ್ಲ, ಆ ಸ್ಲ್ಯಾಬಿನ ಜೊತೆಗೆ.

1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ದೇಶವೆಲ್ಲ ಮಂಗಳೂರು ಹಂಚು ಹೊದಿಸಿಕೊಂಡಿತು. ಹಂಚು ತೆಳು, ಬೇಗ ಬಿಸಿ ಆಗುತ್ತದೆ, ಬೇಗ ತಣಿಯುತ್ತದೆ. ಸಂದುಗಳಿಂದ ಬಿಸಿಗಾಳಿ ಮೇಲೆ ಹೋಗುತ್ತದೆ. ಕೆಳಗೆ ಮರದ ಅಟ್ಟ ಇದ್ದರಂತೂ ಕೋಣೆಗೆ ಬಿಸಿ ಇಳಿಯುವುದೇ ಕಡಿಮೆ. ನಾವು ಅದನ್ನು ಇಳಿಸಿ ಕಾಂಕ್ರೀಟ್ ಹಾಕಿಸಿ, ಆಮೇಲೆ ಎಸಿ ತಂದೆವು. ಊರಿಗೆ ಊರೇ ಇದನ್ನು ಮಾಡಿದ್ದು, ಯಾರನ್ನು ಬೈಯುವುದು.

ತಾರಸಿ ಮನೆಯವರಿಗೆ ಎರಡು ದಾರಿ ಉಂಟು. ಒಂದು, ಬಿಸಿಲನ್ನು ವಾಪಸ್ ಎಸೆಯುವ ಬಿಳಿ ಪೇಂಟ್. ದುಡ್ಡಿಲ್ಲದಿದ್ದರೆ ಸುಣ್ಣವೇ ಸಾಕು. ಆದರೆ ಇದು ಜೋಧಪುರ ಅಲ್ಲ. ಒಂದು ಮಳೆಗಾಲ ಕಳೆದರೆ ಪಾಚಿ ಹಿಡಿದು ತಾರಸಿ ಕಪ್ಪಾಗುತ್ತದೆ, ಬಿಳಿ ಬಳಿದದ್ದು ದಂಡ. ಹಾಗಾಗಿ ಮೇ ತಿಂಗಳಲ್ಲಿ ಬಳಿಯಬೇಡಿ. ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್-ಜನವರಿಯಲ್ಲಿ ಪಾಚಿ ಉಜ್ಜಿ ತೆಗೆದು ಬಳಿದರೆ ಸೆಕೆಗಾಲಕ್ಕೆ ಸರಿಯಾಗಿ ಸಿಗುತ್ತದೆ. ಪ್ರತಿ ವರ್ಷ ತೊಳೆಯಲೇಬೇಕು.

ಇನ್ನೊಂದು ಶೀಟಿನ ಮಾಡು. ಸೋರುತ್ತದೆ ಅಂತ ಹೇಗೂ ಅರ್ಧ ಮಂಗಳೂರು ಹಾಕಿಸಿದೆ. ಬದಿಗಳನ್ನು ಮುಚ್ಚಬೇಡಿ, ಗಾಳಿ ಆರಪಾರ ಹೋಗಬೇಕು. ಮುಚ್ಚಿ ಸ್ಟೋರ್ ರೂಮ್ ಮಾಡಿದರೆ ಬಿಸಿ ಅಲ್ಲೇ ಕೂರುತ್ತದೆ.

ಉಳ್ಳಾಲದ ಹಳೆಬೇರು

ಎಂತದ್ದು ಮಾರಾಯ್ರೆ, ಸೆಕೆ ನಿನ್ನೆ ಮೊನ್ನೆ ಬಂದದ್ದಾ? ನಾನು ಸಣ್ಣವನಿರುವಾಗಲೂ ಮೇಯಲ್ಲಿ ಚಾಪೆ ಜಗಲಿಗೆ ತಂದು ಮಲಗುತ್ತಿದ್ದೆವು. ಕಡಲ್ಕೊರೆತ ನನ್ನ ಅಜ್ಜನ ಕಾಲದಿಂದಲೂ ಉಂಟು. ಸೂರ್ಯ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ. ಇನ್ನು ನೀವು ಒಂದು ಫ್ಯಾನ್ ಬದಲಿಸಿದರೆ ಭೂಮಿ ತಂಪಾಗುತ್ತದಾ? ಅತ್ತ ಎಲ್ಲೂರಿನ ಕರೆಂಟ್ ಸ್ಥಾವರದಲ್ಲಿ ಹಡಗುಗಟ್ಟಲೆ ಕಲ್ಲಿದ್ದಲು ಉರಿಯುತ್ತದೆ, ಅಮೆರಿಕದವರು ಮನೆಗೆ ಮೂರು ಕಾರು ಇಟ್ಟಿದ್ದಾರೆ. ಬಡವನ ಫ್ಯಾನಿನ ಮೇಲೆ ಕಣ್ಣು ಯಾಕೆ?

ಉಡುಪಿ ವಿಜ್ಞಾನ ಮೇಷ್ಟ್ರು

ಹಳೆಬೇರು ಅಣ್ಣ, ನಿಮ್ಮ ಕೊನೆಯ ಮಾತಿಗೆ ನನ್ನದೂ ಸೈ. ತಲೆಗೆ ವರ್ಷಕ್ಕೆ ಅಮೆರಿಕದವ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ನಮ್ಮ ದೇಶದವ ಬಿಡುವುದು ಸುಮಾರು 2 ಟನ್. ಆ ಅನ್ಯಾಯ ನಿಜ.

ಆದರೆ ಸೂರ್ಯನ ಮೇಲೆ ತಪ್ಪು ಹಾಕಿದರೆ ಲೆಕ್ಕ ಕೂಡುವುದಿಲ್ಲ. 1970ರ ದಶಕದ ಕೊನೆಯಿಂದ ಉಪಗ್ರಹಗಳು ಸೂರ್ಯನ ಶಾಖ ಅಳೆಯುತ್ತಿವೆ. ಹನ್ನೊಂದು ವರ್ಷಕ್ಕೊಮ್ಮೆ ಸಣ್ಣ ಏರಿಳಿತ ಉಂಟು, ಅಷ್ಟೇ. ಒಟ್ಟಾರೆ ಏರಿಲ್ಲ. ಭೂಮಿ ಮಾತ್ರ ಬಿಸಿ ಆಗುತ್ತಲೇ ಇದೆ. ಇನ್ನೂ ಗಟ್ಟಿ ಸಾಕ್ಷಿ ಬೇಕಾ? ಸೂರ್ಯನೇ ಕಾರಣವಾಗಿದ್ದರೆ ವಾತಾವರಣ ಮೇಲಿನಿಂದ ಕೆಳಗಿನ ತನಕ ಬಿಸಿ ಆಗಬೇಕಿತ್ತು. ಈಗ ಕೆಳಗಿನ ಪದರ ಬಿಸಿ ಆಗುತ್ತಿದೆ, ಮೇಲಿನ ಪದರ ತಣ್ಣಗಾಗುತ್ತಿದೆ. ಶಾಖ ಕೆಳಗೇ ಸಿಕ್ಕಿಬಿದ್ದಿದೆ ಅಂತ ಅರ್ಥ.

ಹಿಡಿದಿಟ್ಟದ್ದು ಯಾವುದು ಅಂತಲೂ ಗೊತ್ತು. ಕಾರ್ಖಾನೆಗಳ ಕಾಲಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಭಾಗ ಇತ್ತು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳೆಯಲು ಶುರು ಮಾಡಿದಾಗ 315. ಈಗ 420 ದಾಟಿದೆ. ಅದು ಕಲ್ಲಿದ್ದಲು, ಪೆಟ್ರೋಲಿನಿಂದ ಬಂದದ್ದು ಅಂತಲೂ ಇಂಗಾಲದ ಗುರುತಿನಿಂದ ಪತ್ತೆ ಹಚ್ಚುತ್ತಾರೆ. ನೆಲದಡಿಯಲ್ಲಿ ಕೋಟ್ಯಂತರ ವರ್ಷ ಇದ್ದ ಇಂಗಾಲದಲ್ಲಿ ಕಾರ್ಬನ್-14 ಅನ್ನುವ, ಕಾಲ ಕಳೆದಂತೆ ಕ್ಷಯಿಸುವ ಬಗೆ ಉಳಿದಿರುವುದಿಲ್ಲ, ಅಂಥ ಇಂಗಾಲ ಬೆರೆತರೆ ಗಾಳಿಯಲ್ಲೂ ಅದರ ಪಾಲು ಇಳಿಯುತ್ತದೆ. 2024ನೇ ಇಸವಿ ಈವರೆಗೆ ಅಳೆದ ವರ್ಷಗಳಲ್ಲೇ ಅತಿ ಬಿಸಿ. 1850-1900ರ ಸರಾಸರಿಗಿಂತ ಒಂದೂವರೆ ಡಿಗ್ರಿ ಮೇಲೆ.

ಒಂದೂವರೆ ಡಿಗ್ರಿ ದೊಡ್ಡದಾ ಅಂತ ಕೇಳಬಹುದು. ಕರಾವಳಿಯವರಿಗೆ ಅದು ಬೇರೆ ಥರ ಬಡಿಯುತ್ತದೆ. ಬೆವರು ಆರಿದರೆ ಮಾತ್ರ ಮೈ ತಂಪು. ನಮ್ಮಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತದೆ, ಬೆವರು ಆರುವುದೇ ಇಲ್ಲ, ಸುರಿಯುತ್ತದೆ. ರಾಯಚೂರಿನಲ್ಲಿ 40 ಡಿಗ್ರಿಯಲ್ಲಿ ನೆರಳಿಗೆ ಬಂದರೆ ಸಮಾಧಾನ. ಇಲ್ಲಿ 35ಕ್ಕೇ ನೆರಳೂ ಬೇಡ, ಏನೂ ಬೇಡ ಅನಿಸುತ್ತದೆ. ಹವಾಮಾನ ಇಲಾಖೆ ಕೂಡ ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟಿದರೆ ಮಾತ್ರ ಬಿಸಿಗಾಳಿಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಕರಾವಳಿಗೆ 37 ಸಾಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ. ಅದೇ ಜೂನ್‌ನಲ್ಲಿ ಒಂದೇ ರಾತ್ರಿ ಸುರಿಯುವ ಮಳೆ.

ಕಡಲ್ಕೊರೆತದ ಬಗ್ಗೆ ನೀವು ಹೇಳಿದ್ದರಲ್ಲಿ ಅರ್ಧ ಸತ್ಯ ಉಂಟು. ಅಳಿವೆಯಲ್ಲಿ ಕಟ್ಟಿದ ಗೋಡೆಗಳಿಂದಲೂ ಮರಳು ಸರಿಯುತ್ತದೆ. ಎಲ್ಲವನ್ನೂ ತಾಪಮಾನದ ತಲೆಗೆ ಕಟ್ಟಬಾರದು. ಆದರೆ 1900ರಿಂದ ಜಗತ್ತಿನ ಸಮುದ್ರ ಮಟ್ಟ 20 ಸೆಂಟಿಮೀಟರಿಗಿಂತ ಜಾಸ್ತಿ ಏರಿದೆ. ಅಜ್ಜನ ಕಾಲದ ಅಲೆ ಬೇರೆ, ಈಗಿನದ್ದು ನಿಲ್ಲುವ ಜಾಗ ಬೇರೆ.

ಮಲ್ಪೆ ಬೋಟು

ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟಿಗೆ ರಜೆ. ಅದು ಮೊದಲಿನಿಂದ ಇದ್ದದ್ದು, ಲೆಕ್ಕ ಹಾಕಿಯೇ ಇರುತ್ತೇವೆ. ಈಗ ರಜೆ ಇಲ್ಲದ ತಿಂಗಳಲ್ಲೂ ಗಾಳಿ ಎಚ್ಚರಿಕೆ ಅಂತ ದಕ್ಕೆಯಲ್ಲಿ ಕೂರಬೇಕಾಗುತ್ತದೆ. ಚಂಡಮಾರುತ ಅಂದರೆ ಬಂಗಾಳಕೊಲ್ಲಿಯದ್ದು ಅಂತ ಇದ್ದೆವು. 2017ರಲ್ಲಿ ಓಖಿ, 2021ರ ಮೇಯಲ್ಲಿ ತೌಕ್ತೆ, 2023ರಲ್ಲಿ ಬಿಪರ್‌ಜಾಯ್. ಅರಬ್ಬೀ ಸಮುದ್ರದ ನೀರು ಬಿಸಿ ಆಗಿದೆ, ಬಿರುಗಾಳಿಗೆ ಅದೇ ಊಟ. ಆಳಸಮುದ್ರಕ್ಕೆ ಹೋದ ಬೋಟು ಅರ್ಧಕ್ಕೇ ತಿರುಗಿ ಬಂದರೆ ಡೀಸೆಲ್, ಐಸ್ ಎರಡೂ ನಷ್ಟ.

ಬೂತಾಯಿ ಒಂದು ವರ್ಷ ರಾಶಿ ಬೀಳುತ್ತದೆ, ಇನ್ನೊಂದು ವರ್ಷ ಮಾರ್ಕೆಟಿನಲ್ಲಿ ಕೇಳಿದರೆ ಮೀನಿನ ಅಕ್ಕ ಸಿಟ್ಟಿನಿಂದ ನೋಡುತ್ತಾರೆ. ಕಡಲು ಬಿಸಿಯಾದರೆ ಅದು ತಣ್ಣೀರು ಹುಡುಕಿಕೊಂಡು ಹೋಗುತ್ತದೆ. ಪೆಸಿಫಿಕ್ ಸಮುದ್ರ ಬಿಸಿಯಾಗುವ ಎಲ್ ನಿನೊ ವರ್ಷದಲ್ಲಿ ಇನ್ನೂ ಕಷ್ಟ. ಆದರೆ ಪೂರ್ತಿ ತಪ್ಪು ಬಿಸಿಯದ್ದೇ ಅಂದರೆ ನಾನು ಸುಳ್ಳು ಹೇಳಿದ ಹಾಗೆ. ಬೆಳಕು ಹಾಕಿ ಮರಿಮೀನು ಸಮೇತ ಬಾಚಿದವರು ನಾವೇ.

ಉಳ್ಳಾಲದ ಹಳೆಬೇರು

ಸರಿ ಮೇಷ್ಟ್ರೆ, ಸೂರ್ಯನ ವಿಷಯ ಒಪ್ಪಿದೆ. ಬೂತಾಯಿ ವಿಷಯವಂತೂ ನನ್ನ ನಾಲಿಗೆಗೇ ಗೊತ್ತು. ಆದರೆ ಕಲ್ಲಿದ್ದಲಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಪಡುಬಿದ್ರಿ ವೈರ್‌ಮ್ಯಾನ್

ನಾನು ಕೊಡುತ್ತೇನೆ, ಆ ಚಿಮಣಿ ನಮ್ಮ ಮನೆಯಿಂದ ಕಾಣುತ್ತದೆ. ಎಲ್ಲೂರಿನ ಸ್ಥಾವರ 600 ಮೆಗಾವ್ಯಾಟಿನ ಎರಡು ಘಟಕ. ಹೊರದೇಶದ ಕಲ್ಲಿದ್ದಲು ಪಣಂಬೂರು ಬಂದರಿನಲ್ಲಿ ಇಳಿದು ಬರುತ್ತದೆ. ಆದರೆ ಅದು ಸುಮ್ನೆ ಉರಿಯುವುದಿಲ್ಲ ಅಣ್ಣ, ಯಾರಾದರೂ ಸ್ವಿಚ್ ಹಾಕಿದರೆ ಉರಿಯುತ್ತದೆ. ಮಧ್ಯಾಹ್ನ ಪಾವಗಡದ ಸೋಲಾರ್ ಇದೆ, 2000 ಮೆಗಾವ್ಯಾಟಿಗಿಂತ ದೊಡ್ಡದು. ಸಂಜೆ ಏಳು ಗಂಟೆಗೆ ಅದು ಸೊನ್ನೆ. ಆಗ ಇಡೀ ಊರು ಒಟ್ಟಿಗೆ ಫ್ಯಾನ್, ಎಸಿ, ಟಿವಿ, ಗ್ರೈಂಡರ್ ಹಾಕುತ್ತದೆ. ಶರಾವತಿ, ವಾರಾಹಿಯ ನೀರು ಸ್ವಲ್ಪ ಹೊರುತ್ತದೆ, ಮಿಕ್ಕಿದ್ದಕ್ಕೆ ಕಲ್ಲಿದ್ದಲು. ಏಪ್ರಿಲ್-ಮೇಯಲ್ಲಿ ಅಣೆಕಟ್ಟು ತಳ ಕಾಣುವ ಹೊತ್ತಿಗೇ ನಮ್ಮ ಸೆಕೆ ನೆತ್ತಿಗೇರಿರುತ್ತದೆ.

ಹಾಗಾಗಿ ಎಷ್ಟು ಉಳಿಸುತ್ತೀರಿ ಅನ್ನುವಷ್ಟೇ ಯಾವಾಗ ಬಳಸುತ್ತೀರಿ ಅನ್ನುವುದೂ ಮುಖ್ಯ. ಬಾವಿಯ ಪಂಪ್, ವಾಷಿಂಗ್ ಮೆಷಿನ್, ದೋಸೆಗೆ ಅರೆಯುವುದು, ಇಸ್ತ್ರಿ, ಇವೆಲ್ಲ ಹಗಲು ಹನ್ನೊಂದರಿಂದ ಮೂರರ ಒಳಗೆ ಮುಗಿಸಿ. ನಿಮ್ಮ ಬಿಲ್ಲಿನಲ್ಲಿ ಇದರಿಂದ ಒಂದು ಪೈಸೆ ಕಡಿಮೆ ಆಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸಂಜೆಯ ಕಲ್ಲಿದ್ದಲಿನ ಮೇಲೆ ಮಾತ್ರ ಹೊರೆ ಇಳಿಯುತ್ತದೆ.

ದೇಶದ ಸರಾಸರಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್. ಕಾವೂರಿನ ಅಕ್ಕ ಸೆಕೆಗಾಲದಲ್ಲಿ ತಿಂಗಳಿಗೆ ನೂರು ಯೂನಿಟ್ ಇಳಿಸಿದರೆ 70 ಕೆಜಿ. ಭೂಮಿ ತಂಪಾಗುವುದಿಲ್ಲ, ಒಪ್ಪಿದೆ. ಆದರೆ ಮೇಲ್ಮಹಡಿಯಲ್ಲಿ ಬೇಯುತ್ತಿರುವವರು ಅವರೊಬ್ಬರೇ ಅಲ್ಲವಲ್ಲ.

ಬ್ರಹ್ಮಾವರ ಅಡುಗೆಮನೆ

ಗಂಡಸರೆಲ್ಲ ಫ್ಯಾನು, ಕಲ್ಲಿದ್ದಲು ಅಂತ ಮಾತಾಡಿದಿರಿ. ಗ್ಯಾಸಿನ ಹತ್ತಿರ ಯಾರೂ ಬರಲಿಲ್ಲ. ನಮ್ಮ ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಅಂತ ಗೊತ್ತಾ? ದೊಡ್ಡ ಉರಿಯಲ್ಲಿ ಮುಕ್ಕಾಲು ಗಂಟೆ, ಕೆಲವು ಅಕ್ಕಿ ಇನ್ನೂ ಜಾಸ್ತಿ. ಬೆಳ್ತಿಗೆ ತಿನ್ನುವವರಿಗೆ ಈ ಕಷ್ಟ ಇಲ್ಲ.

ನಾನು ಮಾಡುವುದು ಹೇಳುತ್ತೇನೆ. ರಾತ್ರಿಯೇ ಅಕ್ಕಿ ತೊಳೆದು ನೆನೆಹಾಕುತ್ತೇನೆ. ಬೆಳಿಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು, ಚೆನ್ನಾಗಿ ಕುದಿ ಬಂದ ಮೇಲೆ ಹತ್ತು ನಿಮಿಷ ಬಿಟ್ಟು, ಮುಚ್ಚಳ ಬಿಗಿ ಮಾಡಿ ಗ್ಯಾಸ್ ಆಫ್. ಆಮೇಲೆ ಪಾತ್ರೆಯನ್ನು ಹಳೆ ಕಂಬಳಿಯಲ್ಲಿ ಸುತ್ತಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕೂರಿಸುವುದು. ಮೀನಿನ ಐಸ್ ಪೆಟ್ಟಿಗೆ ಆಗುತ್ತದೆ, ಆದರೆ ಹೊಸದು ತನ್ನಿ, ಇಲ್ಲದಿದ್ದರೆ ಗಂಜಿಯಲ್ಲೂ ಬಂಗುಡೆ ವಾಸನೆ! ನಡುವೆ ಮುಚ್ಚಳ ತೆಗೆದು ಇಣುಕಬಾರದು. ಒಂದೂವರೆ ಗಂಟೆ ಬಿಟ್ಟು ತೆಗೆದು ಒಂದು ಅಗುಳು ಹಿಚುಕಿ ನೋಡಿ. ನಡುವೆ ಬಿಳಿ ಗಟ್ಟಿ ಚುಕ್ಕೆ ಉಳಿದಿದ್ದರೆ ಇನ್ನೈದು ನಿಮಿಷ ಕುದಿಸಿದರೆ ಆಯಿತು. ಇದಕ್ಕೇ ಅಂತ ಥರ್ಮಲ್ ಕುಕ್ಕರ್ ಪೇಟೆಯಲ್ಲಿ ಸಿಗುತ್ತದೆ. ಇದರಲ್ಲಿ ಅಡುಗೆಮನೆ ಬಿಸಿ ಆಗುವುದಿಲ್ಲ ಅನ್ನುವುದೇ ನನಗೆ ದೊಡ್ಡ ಲಾಭ. ಗ್ಯಾಸ್ ಉಳಿದದ್ದು ಆಮೇಲೆ.

ಸ್ನಾನಕ್ಕೆ ನಮ್ಮಲ್ಲಿ ಇವತ್ತಿಗೂ ಬಚ್ಚಲ ಹಂಡೆಯೇ. ತೆಂಗಿನ ಸಿಪ್ಪೆ, ಗೆರಟೆ, ಮಡಲು, ತೋಟದಲ್ಲಿ ಬಿದ್ದದ್ದು. ಮೇಷ್ಟ್ರೆ, ಇದರ ಹೊಗೆ ಭೂಮಿಗೆ ಕೆಟ್ಟದ್ದಾ?

ಉಡುಪಿ ವಿಜ್ಞಾನ ಮೇಷ್ಟ್ರು

ಮರ ಗಾಳಿಯಿಂದ ತೆಗೆದ ಇಂಗಾಲವೇ ವಾಪಸ್ ಹೋಗುತ್ತದೆ, ಹಾಗಾಗಿ ಕಲ್ಲಿದ್ದಲಿನ ಹಾಗೆ ಹೊಸ ಸಾಲ ಅಲ್ಲ. ಆದರೆ ಮಸಿ ಶಾಖವನ್ನು ಹೀರುತ್ತದೆ, ಅದಕ್ಕಿಂತ ಮುಖ್ಯವಾಗಿ ಉರಿ ಹಾಕುವವರ ಶ್ವಾಸಕೋಶಕ್ಕೆ ಕೇಡು. ಒಣಗಿದ ಸೌದೆ ಹಾಕಿ, ಹೊಗೆ ಹೊರಗೆ ಹೋಗಲು ಚಿಮಣಿ ಇರಲಿ. ಪ್ಲಾಸ್ಟಿಕ್ ಕವರ್ ಹಾಕಿ ಬೆಂಕಿ ಹೊತ್ತಿಸುವ ಅಭ್ಯಾಸ ಮಾತ್ರ ಖಂಡಿತ ಬೇಡ. ಗ್ಯಾಸಿನ ಲೆಕ್ಕ ಬೇಕಾದರೆ, 14.2 ಕೆಜಿಯ ಒಂದು ಸಿಲಿಂಡರ್ ಉರಿದು ಮುಗಿದರೆ ಸುಮಾರು 42 ಕೆಜಿ ಇಂಗಾಲದ ಡೈಆಕ್ಸೈಡ್.

ಕಸದ ಬಗ್ಗೆಯೂ ಒಂದು ಮಾತು. ಹಸಿ ಕಸ ರಾಶಿ ಬಿದ್ದು ಗಾಳಿಯಾಡದೆ ಕೊಳೆತರೆ ಮೀಥೇನ್ ಬರುತ್ತದೆ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುವ ಅನಿಲ. ಪಚ್ಚನಾಡಿಯ ಕಸದ ರಾಶಿ 2019ರಲ್ಲಿ ಪಕ್ಕದ ಮಂದಾರ ಅನ್ನುವ ಊರಿನ ಮೇಲೆ ಜರಿದದ್ದು ಎಲ್ಲರಿಗೂ ನೆನಪುಂಟು. ತೆಂಗಿನ ಬುಡ ಇರುವ ಮನೆಯವರು ಹಸಿ ಕಸ ಗೇಟಿನ ಹೊರಗೆ ಇಡುವುದೇ ತಮಾಷೆ.

ಕಾವೂರು ಮಹಡಿಮನೆ

ಎಲ್ಲರಿಗೂ ಥ್ಯಾಂಕ್ಸ್. ಕಂಬಳಿ ಗಂಜಿ ಭಾನುವಾರ ನೋಡುತ್ತೇನೆ. ಎರಡು ಪ್ರಶ್ನೆ. ಮಗಳ ಎಸಿ ಪ್ರಶ್ನೆಗೆ ಎಂತ ಹೇಳಲಿ? ಮತ್ತೆ ತಾರಸಿಯಲ್ಲಿ ಸೋಲಾರ್ ಹಾಕಿಸಿದರೆ ಹೇಗೆ? ಒಂದು ಅಂಗಡಿಯವರು ಮನೆಗೇ ಬಂದು "ಹಾಕಿಸಿ, ಜೀವನಪೂರ್ತಿ ಬಿಲ್ಲೇ ಇಲ್ಲ" ಅಂದರು. ಮಳೆಗಾಲದ ಬಗ್ಗೆ ಕೇಳಿದ್ದಕ್ಕೆ ಮಾತು ತೇಲಿಸಿಬಿಟ್ಟರು.

ಮಣಿಪಾಲ ಸೋಲಾರ್ ಕೆಲಸ

ನಾನು ಇದೇ ಕೆಲಸದಲ್ಲಿರುವವನು, ಆದರೂ ಹೇಳುತ್ತೇನೆ, ನಿಮಗೆ ಈಗ ಬೇಡ. ಯಾಕೆ ಅಂದರೆ ವರ್ಷದ ಹೆಚ್ಚಿನ ತಿಂಗಳು ನಿಮ್ಮ ಬಿಲ್ ಸೊನ್ನೆ. ಸೊನ್ನೆಯನ್ನು ಇನ್ನೂ ಕಡಿಮೆ ಮಾಡಲು ಆಗುವುದಿಲ್ಲ. ಹಾಕಿದ ದುಡ್ಡು ಮೂರು ತಿಂಗಳ ಬಿಲ್ಲಿನಿಂದ ವಾಪಸ್ ಬರಬೇಕು. ಮೊದಲು ತಾರಸಿಯ ಕೆಲಸ, ಆಮೇಲೆ ಫ್ಯಾನ್, ಆಮೇಲೆ ಎಸಿಯ ಅಭ್ಯಾಸ. ಇಷ್ಟು ಮಾಡಿದರೆ ಏಪ್ರಿಲ್ ಕೂಡ 200ರ ಒಳಗೆ ಬರಬಹುದು.

ಪ್ರತಿ ತಿಂಗಳು 300-400 ಬರುವ ಮನೆಗಳಿಗೆ ಸೋಲಾರ್ ಬೇಕೇ ಬೇಕು ಅನ್ನುತ್ತೇನೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರು ಮತ್ತು ಅದಕ್ಕಿಂತ ಮೇಲಿನದ್ದಕ್ಕೆ ಒಟ್ಟು 78,000 ಸಬ್ಸಿಡಿ ಉಂಟು. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಬಿಸಿಲಿನ ದಿನ ನಾಲ್ಕು ಯೂನಿಟ್ ಹತ್ತಿರ ಬರುತ್ತದೆ. ಜೂನ್-ಜುಲೈಯಲ್ಲಿ ತುಂಬ ಕಡಿಮೆ, ಅದನ್ನು ಮುಚ್ಚಿಡುವವರ ಹತ್ತಿರ ವ್ಯಾಪಾರ ಬೇಡ. ಆದರೆ ಸೆಕೆಗಾಲದಲ್ಲಿ, ಎಸಿ ಓಡುವ ತಿಂಗಳಲ್ಲೇ, ಅದು ಚೆನ್ನಾಗಿ ದುಡಿಯುತ್ತದೆ. ಕಡಲ ಹತ್ತಿರದವರು ಚೌಕಟ್ಟು, ಬೋಲ್ಟು ಯಾವುದು ಅಂತ ಕೇಳಿಯೇ ಕೇಳಿ. ಉಪ್ಪುಗಾಳಿಗೆ ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬಿಸಿ ಜಿಂಕ್ ಲೇಪನದ್ದು ಅಥವಾ ಅಲ್ಯೂಮಿನಿಯಂ ಇರಲಿ, ಬೋಲ್ಟು ಸ್ಟೈನ್‌ಲೆಸ್ ಇರಲಿ.

ಮಗಳ ಪ್ರಶ್ನೆ ಸರಿಯಾಗಿಯೇ ಇದೆ. ಎಸಿ ತಂಪು ತಯಾರಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತದೆ, ಜೊತೆಗೆ ತಾನು ತಿಂದ ಕರೆಂಟಿನ ಬಿಸಿಯನ್ನೂ ಸೇರಿಸುತ್ತದೆ. ಇಕ್ಕಟ್ಟಿನ ಓಣಿಯಲ್ಲಿ ಪಕ್ಕದವರಿಗೆ ಅದು ಮುಟ್ಟುತ್ತದೆ. ಭೂಮಿಯ ಲೆಕ್ಕದಲ್ಲಿ ದೊಡ್ಡದು ಅದಲ್ಲ, ಕರೆಂಟಿನ ಹಿಂದಿನ ಕಲ್ಲಿದ್ದಲು ಮತ್ತು ಎಸಿಯೊಳಗಿನ ಗ್ಯಾಸ್. ಈಗಿನ ಎಸಿಗಳಲ್ಲಿ ಸಾಮಾನ್ಯವಾಗಿ ಇರುವ ಆರ್-32 ಸೋರಿದರೆ, ಒಂದು ಕೆಜಿ 675 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಹಳೆಯ ಆರ್-410ಎ 2000ಕ್ಕೂ ಮೇಲೆ. ಹಾಗಾಗಿ ಪ್ರತಿ ವರ್ಷ "ಗ್ಯಾಸ್ ಕಮ್ಮಿ ಆಗಿದೆ, ತುಂಬಿಸಿ" ಅಂದರೆ ಒಪ್ಪಬೇಡಿ. ಗ್ಯಾಸ್ ಖರ್ಚಾಗುವ ವಸ್ತು ಅಲ್ಲ. ಕಮ್ಮಿ ಆಗಿದ್ದರೆ ಎಲ್ಲೋ ಸೋರುತ್ತಿದೆ, ಮೊದಲು ತೂತು ಹುಡುಕಿಸಿ.

ಅತ್ತೆಗೆ ತೊಂದರೆ ಆಗದ ಹಾಗೆ 26ಕ್ಕೆ ಇಟ್ಟು ಮೇಲೆ ಫ್ಯಾನ್ ನಿಧಾನವಾಗಿ ಬಿಡಿ. ಒಂದು ಡಿಗ್ರಿ ಏರಿಸಿದರೆ ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಅಂತ ಇಂಧನ ದಕ್ಷತೆ ಬ್ಯೂರೋದ ಲೆಕ್ಕ. ಹೊಸ ಎಸಿಗಳು ತಾವಾಗಿಯೇ 24ರಲ್ಲಿ ಶುರುವಾಗಬೇಕು ಅಂತ 2020ರಿಂದ ನಿಯಮವೂ ಉಂಟು. ನಮ್ಮಲ್ಲಿ ಸಂಕಟ ಕೊಡುವುದು ತೇವ, ಡ್ರೈ ಮೋಡ್ ಹಾಕಿ ನೋಡಿ, ಮಳೆ ಶುರುವಿನ ದಿನಗಳಲ್ಲಿ ಅದೇ ಸಾಕಾಗುತ್ತದೆ. ಫಿಲ್ಟರ್ ಎರಡು ವಾರಕ್ಕೊಮ್ಮೆ ನಲ್ಲಿಯಡಿ ಹಿಡಿದರೆ ಆಯಿತು.

ಕಾವೂರು ಮಹಡಿಮನೆ

ಮಗಳು ಪೂರ್ತಿ ಓದಿದಳು. ಈಗ ಗ್ಯಾಸ್ ಸೋರುತ್ತದಾ ಅಂತ ಎಸಿಗೆ ಕಿವಿ ಕೊಟ್ಟು ನಿಂತಿದ್ದಾಳೆ! ಸೀಲಿಂಗ್ ಮುಟ್ಟಿ ನೋಡಿದೆವು, ಬೋಳಾರದವರು ಹೇಳಿದ್ದು ಹೌದು. ಶೀಟ್ ಹಾಕಿಸಲು ಕೆಳಗಿನ ಮನೆಯವರೂ ಅರ್ಧ ಖರ್ಚು ಹಾಕುತ್ತಾರಂತೆ, ಅವರಿಗೆ ಸೋರಿಕೆಯ ಚಿಂತೆ. ಫ್ಯಾನ್ ಸದ್ಯ ಎರಡು ಬದಲಿಸುತ್ತೇವೆ, ಹಾಲ್‌ದು ಮತ್ತು ಅತ್ತೆಯ ಕೋಣೆಯದ್ದು.

ಉಳ್ಳಾಲದ ಹಳೆಬೇರು

ವೈರ್‌ಮ್ಯಾನ್, ಒಂದು ಕೇಳುವುದುಂಟು. ಆ ಬಿಎಲ್‌ಡಿಸಿ ಫ್ಯಾನಿಗೆ ರಿಮೋಟ್ ಅಂತಲ್ಲ, ನಮ್ಮ ಮನೆಯಲ್ಲಿ ಟಿವಿ ರಿಮೋಟೇ ದಿನಾ ಸೋಫಾದ ಅಡಿ. ಕಳೆದುಹೋದರೆ ಎಂತ ಮಾಡುವುದು? ನನಗಲ್ಲ, ಮಗ ಕೇಳಿದ.

ಪಡುಬಿದ್ರಿ ವೈರ್‌ಮ್ಯಾನ್

ಮಗನಿಗೆ ಹೇಳಿ ಅಣ್ಣ, ಗೋಡೆಯ ಸ್ವಿಚ್ಚಿನಿಂದಲೇ ಆನ್ ಆಫ್ ಆಗುತ್ತದೆ. ಕೆಲವು ಫ್ಯಾನುಗಳಲ್ಲಿ ಸ್ವಿಚ್ ಬೇಗ ಬೇಗ ಆಫ್ ಆನ್ ಮಾಡಿದರೆ ಸ್ಪೀಡೂ ಬದಲಾಗುತ್ತದೆ, ತರುವಾಗ ಕೇಳಿ ತನ್ನಿ. ಹಳೆ ರೆಗ್ಯುಲೇಟರಿಗೆ ಮಾತ್ರ ಜೋಡಿಸಬಾರದು, ಒಳಗಿನ ಸರ್ಕ್ಯೂಟ್ ಹಾಳಾಗುತ್ತದೆ. ಅದನ್ನು ತೆಗೆದು ನೇರ ಲೈನ್ ಕೊಡಿಸಬೇಕು. ಉಳ್ಳಾಲದ ಕಡೆ ಬರುವಾಗ ತಿಳಿಸುತ್ತೇನೆ, ನಾನೇ ಮಾಡಿಕೊಡುತ್ತೇನೆ. ಆದರೆ ಬೂತಾಯಿ ಸಿಗುವ ವಾರ ನೋಡಿ ಕರೆಯಿರಿ.